ಸವೆದ ಮನೆಗಳ ಸಾಕ್ಷಿ: ಪಾರಿಜಾತ ಸೀಮೆಯ ಹಳೆಯ ಪೇಟಿ ಮತ್ತು ಹೊಸಬರ ದುರಸ್ತಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಾರ್ಮೋನಿಯಂ ಎಂದರೆ ಪೇಟಿ. ಅದರ ಒತ್ತುವ ಕೀಲಿಗಳು ಮನೆಗಳು. ಅಜ್ಜನ ಪೇಟಿ ಪಾಲಿಗೆ ಬಂದವರು ಬೇಗ ನುಡಿಸುವ ಆತುರದಲ್ಲಿ ಸ್ಕ್ರೂ ಬಿಚ್ಚಲು ಕೂಡುತ್ತಾರೆ. ಬಿಚ್ಚುವ ಮುನ್ನ ಪೇಟಿಯನ್ನು ಓದಬೇಕು ಎಂಬುದು ಈ ಟಿಪ್ಪಣಿಯ ವಾದ.

ಇದಕ್ಕೆ ಕಾರಣ ಈ ಸೀಮೆಯ ಆಟ. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಬಯಲಿನ ಆಟಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ; ಕುಲಗೋಡ ಈಗ ಮೂಡಲಗಿ ತಾಲ್ಲೂಕಿನ ಊರು. ಕಳೆದ ಶತಮಾನದಲ್ಲಿ ಕೌಜಲಗಿ ನಿಂಗಮ್ಮ ಈ ಆಟಕ್ಕೆ ದೊಡ್ಡ ಹೆಸರು ತಂದರು. ಪೇಟಿ, ತಬಲಾ, ತಾಳ ಇದರ ಹಿಮ್ಮೇಳ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು, ಬಯಲಾಟ ಬಿಡಲಿಲ್ಲ. ಹಾಡುವವರು ಯಾವ ಪಟ್ಟಿಯಲ್ಲಿ, ಅಂದರೆ ಯಾವ ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುತ್ತಿದ್ದರು ಎಂಬುದಕ್ಕೆ ಅವರ ಜೊತೆ ನುಡಿದ ಪೇಟಿಯೂ ಒಂದು ಆಕರ.

ಓದುವ ಬಗೆ ಹೀಗೆ. ಮೂರೂವರೆ ಸಪ್ತಕದ ಪೇಟಿಗೆ ಸಾಮಾನ್ಯವಾಗಿ 42 ಮನೆ. ಹಾಡುವವರು ಉಸಿರು ಎಳೆದುಕೊಳ್ಳುವಾಗಲೂ ಪೇಟಿಯವರು ಷಡ್ಜ, ಪಂಚಮ ಒತ್ತಿಯೇ ಇರುತ್ತಾರೆ. ಆ ಮನೆಗಳು ಹೆಚ್ಚು ಸವೆಯುತ್ತವೆ. ಏಳು ಅರ್ಧಸ್ವರಗಳ ಅಂತರದಲ್ಲಿ ಎರಡು ಮನೆ ಸವೆದಿದ್ದರೆ ಅವು ಸಾ–ಪ ಇರಬಹುದು. ಆದರೆ ಮಧ್ಯಮಕ್ಕೂ ತಾರಷಡ್ಜಕ್ಕೂ ಅಂತರ ಏಳೇ. ಆದ್ದರಿಂದ ಒಂದು ಜೋಡಿಯನ್ನು ನಂಬಿ ಪಟ್ಟಿ ನಿರ್ಧರಿಸಬಾರದು. ಮೇಲಿನ, ಕೆಳಗಿನ ಸಪ್ತಕಗಳಲ್ಲೂ ಅದೇ ಮನೆ ಸವೆದಿದೆಯೇ ನೋಡಬೇಕು. ಅದೇ ಪೇಟಿ ಶ್ರಾವಣದ ಭಜನೆಗೂ ಹೋಗಿದ್ದರೆ ಸವೆತ ಎರಡರದ್ದೂ ಆಗಿರುತ್ತದೆ. ಇದನ್ನು ಮನೆಯ ಹಿರಿಯರನ್ನೇ ಕೇಳಬೇಕು.

ಪೇಟಿ ಇನ್ನೂ ನುಡಿಯುತ್ತಿದ್ದರೆ ಪ್ರತಿ ಮನೆಯ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡಬೇಕು. ಧೂಳು ಕೂತ ರೀಡಿನ ಹಿತ್ತಾಳೆ ನಾಲಿಗೆ ತೂಕ ಹೆಚ್ಚಿ ಇಳಿದು ನುಡಿಯುತ್ತದೆ. ಹಾಗಾಗಿ ಒರೆಸುವ ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಬೇಕು. ಒಳಗೆ ಕೆಸರಿನ ಪದರ ಕಂಡರೆ ಅದನ್ನೂ ಬರೆದಿಡಬೇಕು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿತ್ತು. ನೀರು ಕುಡಿದ ಪೇಟಿಯಲ್ಲಿ ಮರವಜ್ರದ ಅಂಟು ಕರಗಿ ಹಲಗೆಯ ಸಂದು ಬಿಡುತ್ತದೆ. ಅದನ್ನು ಹೊಸಬರು ಮುಟ್ಟದೆ ಬಡಿಗರ ಕೈಗೆ ಕೊಡುವುದು ಲೇಸು.

ಇನ್ನು ದುರಸ್ತಿ. ಮೊದಲು ಗಾಳಿ. ಸ್ಟಾಪರ್‌ಗಳನ್ನೆಲ್ಲ ಮುಚ್ಚಿ ತಿದಿ ಒತ್ತಿದಾಗ ಅದು ಗಾಳಿ ಹಿಡಿದು ನಿಲ್ಲಬೇಕು. ತಟ್ಟನೆ ಕುಸಿದರೆ ಮಡಿಕೆಯ ಮೂಲೆಯ ತೊಗಲು ಹರಿದಿರಬಹುದು. ಮನೆ ಒತ್ತದೆಯೂ ಒಂದು ಸ್ವರ ಕೂಗುತ್ತಿದ್ದರೆ ಆ ಮನೆಯ ಕೆಳಗಿನ ಮುಚ್ಚಳ ಸರಿಯಾಗಿ ಕೂಡುತ್ತಿಲ್ಲ: ಅದರ ತೊಗಲನ್ನು ಹುಳ ತಿಂದಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸಡಿಲಾಗಿರುತ್ತದೆ. ಮೂಕಾದ ರೀಡಿನಲ್ಲಿ ಬಹುಪಾಲು ಕಸದ ಕಣವೇ ದೋಷಿ. ತೆಳು ಕಾಗದವನ್ನು ನಾಲಿಗೆಯ ಕೆಳಗೆ ಮೆಲ್ಲಗೆ ಎಳೆದರೆ ಸಾಕು. ಇಷ್ಟನ್ನು ಕಲಿಯುವವರೂ ಮಾಡಬಹುದು. ತಪ್ಪಿದರೆ ತಿದ್ದಿಕೊಳ್ಳಬಹುದು.

ಶ್ರುತಿಯ ಮಾತು ಬೇರೆ. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎರಡರಲ್ಲೂ ಹಿತ್ತಾಳೆ ಹೋಗುತ್ತದೆ, ಮರಳುವುದಿಲ್ಲ. ಅದರ ಜೊತೆಗೇ ಹಳೆಯ ಅಳತೆಯೂ ಅಳಿಯುತ್ತದೆ. ಪೆಟ್ಟಿಗೆಗೆ ಹೊಸ ಪಾಲಿಶ್ ಹಾಕುವುದೂ ಇಂಥದ್ದೇ: ಕೈಯ ಸವೆತ, ಗೀಚಿದ ಹೆಸರು, ತಯಾರಕರ ಚೀಟಿ ಎಲ್ಲ ಮರೆಯಾಗುತ್ತವೆ. ಹುಕ್ಕೇರಿ ತಾಲ್ಲೂಕಿನ ಪಾಚ್ಛಾಪುರ, ಗೋಕಾಕದ ಘಟಪ್ರಭಾ ಸ್ಟೇಶನ್ನುಗಳಿಂದ ರೈಲು ನೇರ ಮಿರಜಕ್ಕೆ ಹೋಗುತ್ತದೆ. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ವಾದ್ಯಗಳ ಆ ಊರು ಹತ್ತಿರವೇ ಇರುವಾಗ ಶ್ರುತಿಯ ಕೆಲಸಕ್ಕೆ ಬಲ್ಲವರನ್ನು ಹುಡುಕಿ ಹೋಗುವುದು ಕಷ್ಟವಲ್ಲ.

ಆಟದ ಮನೆತನದವರಲ್ಲಿ ಒಂದು ವಿನಂತಿ. ಪೇಟಿಯನ್ನು ರಿಪೇರಿಗೆ ಕೊಡುವ ಮುನ್ನ ಮನೆಗಳ ಫೋಟೋ ತೆಗೆಯಿರಿ. ಯಾರು ನುಡಿಸಿದರು, ಯಾರಿಗೆ ನುಡಿಸಿದರು ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗಿಡಿ. ತೆಗೆದ ಹಳೆಯ ರೀಡು, ತೊಗಲು ಏನಿದ್ದರೂ ಎಸೆಯದೆ ಮರಳಿ ಕೇಳಿ ಪಡೆಯಿರಿ.