ಸ್ವಲೀನರ ಸ್ವಾಭಿಮಾನ ಚಳವಳಿ

ಸ್ವಲೀನರ ಸ್ವಾಭಿಮಾನ ಚಳವಳಿಯು ಸ್ವಲೀನತೆ ಅಥವಾ ಆಟಿಸಂ ಉಳ್ಳ ವ್ಯಕ್ತಿಗಳೇ ಮುಂದಾಗಿ ಕಟ್ಟಿದ ಸಾಮಾಜಿಕ ಚಳವಳಿಯಾಗಿದೆ. ಸ್ವಲೀನತೆಯು ವ್ಯಕ್ತಿಯಿಂದ ಬೇರ್ಪಡಿಸಿ ತೆಗೆದುಹಾಕಬೇಕಾದ ರೋಗವಲ್ಲ, ಅದು ಆ ವ್ಯಕ್ತಿ ಜಗತ್ತನ್ನು ಗ್ರಹಿಸುವ ರೀತಿಯೇ ಆಗಿದೆ ಎಂಬುದು ಇದರ ಮೂಲ ನಿಲುವು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಚಳವಳಿಯು ಮುಂದೆ ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ದೇಶಗಳಿಗೆ ಹರಡಿತು. ಪ್ರತಿ ವರ್ಷ ಜೂನ್ 18ರಂದು ಆಚರಿಸಲಾಗುವ ಆಟಿಸ್ಟಿಕ್ ಪ್ರೈಡ್ ಡೇ ಇದರ ಹೆಚ್ಚು ಪರಿಚಿತವಾದ ಮುಖ. ಆದರೆ ಚಳವಳಿಯ ಹೆಚ್ಚಿನ ಕೆಲಸ ನಡೆದಿರುವುದು ಮೆರವಣಿಗೆಗಳಲ್ಲಿ ಅಲ್ಲ. ಸ್ವಲೀನರು ತಮ್ಮದೇ ಷರತ್ತುಗಳ ಮೇಲೆ ಒಟ್ಟಿಗೆ ಇರಬಹುದಾದ ಸ್ಥಳಗಳನ್ನು ನಿರ್ಮಿಸುವುದರಲ್ಲಿ.

ಪದದ ಹಿನ್ನೆಲೆ

ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1910ರ ಸುಮಾರಿಗೆ ರೂಪಿಸಿದ ಆಟಿಸಂ ಎಂಬ ಪದವು ‘ತಾನು’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಕನ್ನಡದ ‘ಸ್ವಲೀನತೆ’ಯೂ ಅದೇ ಜಾಡಿನಲ್ಲಿ ರಚಿತವಾದದ್ದು: ತನ್ನಲ್ಲಿಯೇ ಲೀನವಾಗಿರುವುದು. ಹೀಗೆ ಎರಡೂ ಪದಗಳು ಈ ಜನರಿಗೆ ಇತರರ ಸಹವಾಸ ಬೇಡವೆಂಬ ತೀರ್ಮಾನವನ್ನು ಹೆಸರಿನಲ್ಲಿಯೇ ಹೊತ್ತಿವೆ. ಚಳವಳಿಯ ಇತಿಹಾಸವು ಈ ತೀರ್ಮಾನಕ್ಕೆ ಬಹುಮಟ್ಟಿಗೆ ವಿರುದ್ಧವಾದ ಸಾಕ್ಷ್ಯವನ್ನು ಒದಗಿಸುತ್ತದೆ.

ಇಂಗ್ಲಿಷಿನಲ್ಲಿ ‘ಆಟಿಸಂ ಇರುವ ವ್ಯಕ್ತಿ’ ಎನ್ನಬೇಕೇ ‘ಆಟಿಸ್ಟಿಕ್ ವ್ಯಕ್ತಿ’ ಎನ್ನಬೇಕೇ ಎಂಬುದು ದೀರ್ಘ ಚರ್ಚೆಯ ವಿಷಯವಾಗಿದೆ. ವೃತ್ತಿಪರರು ಮತ್ತು ಅನೇಕ ಪೋಷಕರು ಮೊದಲನೆಯದನ್ನು ಬಳಸುತ್ತ ಬಂದರೆ, ಚಳವಳಿಯಲ್ಲಿ ತೊಡಗಿದವರು ಎರಡನೆಯದನ್ನು ಆರಿಸಿಕೊಂಡರು. ಕೈಯಲ್ಲಿ ಹಿಡಿದ ಚೀಲದಂತೆ ಸ್ವಲೀನತೆಯನ್ನು ಕೆಳಗಿಟ್ಟು ನಡೆಯಲು ಬರುವುದಿಲ್ಲ ಎಂಬುದು ಅವರ ವಾದ. ಕನ್ನಡದಲ್ಲಿ ಈ ಚರ್ಚೆ ಇನ್ನೂ ಅಷ್ಟಾಗಿ ನಡೆದಿಲ್ಲ. ‘ಸ್ವಲೀನತೆಯಿಂದ ಬಳಲುತ್ತಿರುವ’ ಎಂಬ ಪ್ರಯೋಗವೇ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಬಳಲಿಕೆ ಸ್ವಲೀನತೆಯದೋ ಸುತ್ತಲಿನ ವ್ಯವಸ್ಥೆಯದೋ ಎಂಬ ಪ್ರಶ್ನೆಯನ್ನು ಆ ಪ್ರಯೋಗ ಕೇಳಿಕೊಳ್ಳುವುದಿಲ್ಲ.

ಚಳವಳಿಗೆ ಮುಂಚಿನ ಸ್ಥಿತಿ

1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳನ್ನೊಳಗೊಂಡ ಪ್ರಬಂಧವನ್ನೂ, 1944ರಲ್ಲಿ ವಿಯೆನ್ನಾದ ಹನ್ಸ್ ಆಸ್ಪರ್ಗರ್ ತಮ್ಮ ಪ್ರಬಂಧವನ್ನೂ ಪ್ರಕಟಿಸಿದ ನಂತರ ಸ್ವಲೀನತೆಯು ವೈದ್ಯಕೀಯ ಅಧ್ಯಯನದ ವಿಷಯವಾಯಿತು. ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಊಹೆ ದಶಕಗಳ ಕಾಲ ಪ್ರಚಾರದಲ್ಲಿತ್ತು. ಬ್ರೂನೋ ಬೆಟೆಲ್‌ಹೈಮ್‌ರ 1967ರ ಪುಸ್ತಕವು ಅದನ್ನು ಜನಪ್ರಿಯಗೊಳಿಸಿತು. ಸ್ವತಃ ಸ್ವಲೀನ ಮಗನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿಯೇ ಆ ಊಹೆಯನ್ನು ಖಂಡಿಸಿ, ನರವ್ಯೂಹದಲ್ಲಿ ಕಾರಣವನ್ನು ಹುಡುಕಬೇಕೆಂದು ವಾದಿಸಿದ್ದರು. ಈ ಹೊತ್ತಿನಲ್ಲಿ ಪೋಷಕರು ಕಟ್ಟಿದ ಸಂಘಗಳು ತಾಯಂದಿರನ್ನು ಅಪವಾದದಿಂದ ಬಿಡಿಸಿದವು, ಮಕ್ಕಳಿಗೆ ಶಾಲೆಯ ಬಾಗಿಲು ತೆರೆಸಿದವು. ಆದರೂ ಅವುಗಳ ಸಭೆಗಳಲ್ಲಿ ಬೆಳೆದ ಸ್ವಲೀನರಿಗೆ ಇದ್ದ ಸ್ಥಾನ ಅತ್ಯಲ್ಪ. ವೇದಿಕೆಯೇರಿ ತಮ್ಮ ಬದುಕಿನ ಕಥೆಯನ್ನು ಹೇಳಿ, ಪೋಷಕರ ಪ್ರಶ್ನೆಗಳಿಗೆ ಉತ್ತರಿಸಿ ಇಳಿಯುವುದಷ್ಟೇ ಅವರ ಪಾಲಿನದಾಗಿತ್ತು.

ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಓ. ಐವರ್ ಲೋವಾಸ್ ರೂಪಿಸಿದ ವರ್ತನಾ ಚಿಕಿತ್ಸೆ ವ್ಯಾಪಕವಾಯಿತು. ಮಗುವನ್ನು ಸಹಪಾಠಿಗಳಿಂದ ಗುರುತಿಸಲಾಗದಂತೆ ಮಾಡುವುದು ಅದರ ಆದರ್ಶವಾಗಿತ್ತು, ಆರಂಭದ ವರ್ಷಗಳಲ್ಲಿ ಶಿಕ್ಷೆಯೂ ಅದರ ಭಾಗವಾಗಿತ್ತು. ತೂಗಾಡುವುದು, ಕೈಗಳನ್ನು ಬೀಸುವುದು ಮುಂತಾದ ಚಲನೆಗಳನ್ನು ಅಳಿಸಬೇಕಾದ ದೋಷಗಳೆಂದು ಪರಿಗಣಿಸಲಾಯಿತು. ಇವು ತಮ್ಮನ್ನು ಸಮಾಧಾನದಲ್ಲಿ ಇರಿಸಿಕೊಳ್ಳುವ ಸಾಧನಗಳೆಂದು ಸ್ವಲೀನರು ಬರೆಯತೊಡಗಿದ್ದು ಬಹಳ ತಡವಾಗಿ.

ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್

1992ರ ಆರಂಭದಲ್ಲಿ ಜಿಮ್ ಸಿಂಕ್ಲೇರ್ ಮತ್ತು ಆಸ್ಟ್ರೇಲಿಯಾದ ಲೇಖಕಿ ಡೊನ್ನಾ ವಿಲಿಯಮ್ಸ್, ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕ್ಯಾಥಿ ಗ್ರಾಂಟ್ ಅವರ ಮನೆಯಲ್ಲಿ ಕೆಲವು ದಿನ ಒಟ್ಟಿಗೆ ತಂಗಿದರು. ಮೂವರೂ ಸ್ವಲೀನರು, ಪತ್ರಗಳ ಮೂಲಕ ಪರಿಚಿತರು. ಸಿಂಕ್ಲೇರ್ ಮುಂದೆ ಬರೆದ ಇತಿಹಾಸದ ಪ್ರಕಾರ ಆ ದಿನಗಳು ಸುಗಮವಾಗಿಯೇನೂ ಇರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬಗೆಯ ತಳಮಳವಾಗುತ್ತಿತ್ತು. ಆದರೆ ಅದಕ್ಕಾಗಿ ಯಾರೂ ಯಾರ ಕ್ಷಮೆಯನ್ನೂ ಕೇಳಬೇಕಾಗಿರಲಿಲ್ಲ. ಅದೇ ವರ್ಷ ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಸ್ಥಾಪನೆಯಾಗಿ, ‘ಅವರ್ ವಾಯ್ಸ್’ ಎಂಬ ಸುದ್ದಿಪತ್ರ ಹೊರಬರತೊಡಗಿತು.

1993ರಲ್ಲಿ ಟೊರಾಂಟೋದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸಿಂಕ್ಲೇರ್ ಮಂಡಿಸಿದ ‘ಡೋಂಟ್ ಮೌರ್ನ್ ಫಾರ್ ಅಸ್’ ಎಂಬ ಪ್ರಬಂಧವನ್ನು ಚಳವಳಿಯ ಆರಂಭಿಕ ಘೋಷಣೆಯೆಂದು ಪರಿಗಣಿಸಲಾಗುತ್ತದೆ. ಅದು ಪೋಷಕರನ್ನು ಉದ್ದೇಶಿಸಿದ್ದು. ನಿರೀಕ್ಷಿಸಿದ್ದ ಮಗು ಬರಲಿಲ್ಲವೆಂಬ ದುಃಖ ಸಹಜ, ಆದರೆ ಆ ದುಃಖವನ್ನು ಎದುರಿಗಿರುವ ಜೀವಂತ ಮಗುವಿನ ಮೇಲೆ ಹೊರಿಸಬಾರದು ಎಂದು ಅದು ಹೇಳುತ್ತದೆ. ಸ್ವಲೀನತೆ ಇಲ್ಲದ ಮಗುವಿಗಾಗಿ ಹಂಬಲಿಸುವುದೆಂದರೆ, ಇರುವ ಮಗು ಇಲ್ಲವಾಗಿ ಅದರ ಜಾಗದಲ್ಲಿ ಇನ್ನೊಂದು ಮಗು ಇರಲೆಂದು ಹಂಬಲಿಸಿದಂತೆ ಎಂಬುದು ಪ್ರಬಂಧದ ಅತ್ಯಂತ ಚರ್ಚಿತ ಅಂಶ. ಪೋಷಕರ ದುಃಖವನ್ನು ಅಲ್ಲಗಳೆಯದೆ ಅದಕ್ಕೊಂದು ಮಿತಿಯನ್ನು ಹಾಕಿದ ಕಾರಣದಿಂದಲೇ ಈ ಬರಹ ಇಂದಿಗೂ ಓದಿಸಿಕೊಳ್ಳುತ್ತದೆ.

ಆಟ್ರೀಟ್

1996ರ ಬೇಸಿಗೆಯಲ್ಲಿ ಈ ಸಂಸ್ಥೆಯು ನ್ಯೂಯಾರ್ಕ್ ರಾಜ್ಯದ ಒಂದು ಗ್ರಾಮೀಣ ಶಿಬಿರತಾಣದಲ್ಲಿ ಆಟ್ರೀಟ್ ಎಂಬ ಸಮಾವೇಶವನ್ನು ಏರ್ಪಡಿಸಿತು. 2013ರವರೆಗೆ ನಡೆದ ಇಂತಹ ಸಮಾವೇಶಗಳು ಸ್ವಲೀನರ ಸಮುದಾಯ ಜೀವನಕ್ಕೆ ಒಂದು ಮಾದರಿಯನ್ನು ಒದಗಿಸಿದವು. ಸ್ಥಳದ ಆಯ್ಕೆಯಲ್ಲಿಯೇ ಗದ್ದಲ, ಜನಸಂದಣಿ ಮತ್ತು ಕಣ್ಣು ಕುಕ್ಕುವ ದೀಪಗಳನ್ನು ತಪ್ಪಿಸಲಾಗುತ್ತಿತ್ತು. ಸುಗಂಧದ್ರವ್ಯ ಬಳಸುವಂತಿರಲಿಲ್ಲ, ಅನುಮತಿಯಿಲ್ಲದೆ ಯಾರ ಛಾಯಾಚಿತ್ರವನ್ನೂ ತೆಗೆಯುವಂತಿರಲಿಲ್ಲ. ಯಾವ ಕಾರ್ಯಕ್ರಮಕ್ಕೂ ಹಾಜರಿ ಕಡ್ಡಾಯವಲ್ಲ. ದಿನವಿಡೀ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದವರೂ ಸಮಾವೇಶದಲ್ಲಿ ಪಾಲ್ಗೊಂಡವರೇ.

ಇಲ್ಲಿ ಬಳಕೆಗೆ ಬಂದ ಬಣ್ಣದ ಬ್ಯಾಡ್ಜ್‌ಗಳು ವಿಶೇಷವಾಗಿ ಪ್ರಸಿದ್ಧವಾಗಿವೆ. ಕೆಂಪು ಬ್ಯಾಡ್ಜ್ ತೊಟ್ಟವರನ್ನು ಯಾರೂ ಮಾತನಾಡಿಸಕೂಡದು. ಹಳದಿ ತೊಟ್ಟವರನ್ನು ಮೊದಲೇ ಪರಿಚಯವಿದ್ದವರು ಮಾತ್ರ ಮಾತನಾಡಿಸಬಹುದು. ನಂತರ ಸೇರಿಕೊಂಡ ಹಸಿರು ಬಣ್ಣದ ಅರ್ಥ ಹೆಚ್ಚು ಸೂಕ್ಷ್ಮವಾದುದು: ಮಾತನಾಡುವ ಆಸೆಯಿದೆ, ಆದರೆ ಮಾತು ಆರಂಭಿಸಲು ಬಾರದು, ನೀವೇ ಬಂದು ಮಾತನಾಡಿಸಿ. ಮುಖಭಾವದಿಂದ ಊಹಿಸಿಕೊಳ್ಳಬೇಕೆಂದು ಸಮಾಜವು ನಿರೀಕ್ಷಿಸುವ ಸಂಗತಿಯನ್ನು ಈ ವ್ಯವಸ್ಥೆಯು ಎದೆಯ ಮೇಲೆ ಬರೆದು ತೋರಿಸಿತು. ಇಂತಹ ಬ್ಯಾಡ್ಜ್‌ಗಳು ಬೇರೆ ಸಮ್ಮೇಳನಗಳಿಗೂ ಹಬ್ಬಿದವು. ಆಟ್ರೀಟ್‌ನಿಂದ ಪ್ರೇರಣೆ ಪಡೆದ ಆಟ್‌ಸ್ಕೇಪ್ ಸಮಾವೇಶ ಬ್ರಿಟನ್ನಿನಲ್ಲಿ 2005ರಲ್ಲಿ ಆರಂಭವಾಯಿತು. ಸದ್ದು ಸಹಿಸಲಾಗದವರಿಗಾಗಿ ಚಪ್ಪಾಳೆಯ ಬದಲು, ಕಿವುಡರ ಸಮುದಾಯದಲ್ಲಿರುವಂತೆ, ಕೈಗಳನ್ನು ಮೇಲೆತ್ತಿ ಅಲ್ಲಾಡಿಸುವ ರೂಢಿಯೂ ಈ ಬಗೆಯ ಕೂಟಗಳಲ್ಲಿದೆ.

ನರವೈವಿಧ್ಯ

1990ರ ದಶಕದ ನಡುವಿನಲ್ಲಿ ಅಂತರಜಾಲದ ಪತ್ರಗುಂಪುಗಳು ಚದುರಿಹೋಗಿದ್ದ ಸ್ವಲೀನರನ್ನು ಒಂದೆಡೆ ತಂದವು. ಎದುರಿಗಿದ್ದವರ ಕಣ್ಣನ್ನು ನೋಡಬೇಕಾಗಿಲ್ಲದ, ಉತ್ತರಕ್ಕೆ ಬೇಕಾದಷ್ಟು ಸಮಯ ತೆಗೆದುಕೊಳ್ಳಬಹುದಾದ ಈ ಮಾಧ್ಯಮ ಅವರಿಗೆ ಒಗ್ಗಿತು. ನೆದರ್ಲೆಂಡ್ಸ್‌ನ ಮಾರ್ಟೈನ್ ಡೆಕ್ಕರ್ 1996ರಲ್ಲಿ ಆರಂಭಿಸಿದ ‘ಇಂಡಿಪೆಂಡೆಂಟ್ ಲಿವಿಂಗ್’ ಗುಂಪು ಇವುಗಳಲ್ಲಿ ಮುಖ್ಯವಾದುದು. ಮಾನವ ಮಿದುಳುಗಳ ಭಿನ್ನತೆಯೂ ಜೀವವೈವಿಧ್ಯದಂತೆ ಸಹಜವಾದದ್ದೆಂಬ ಅರ್ಥದ ‘ನ್ಯೂರೋಡೈವರ್ಸಿಟಿ’ ಅಥವಾ ನರವೈವಿಧ್ಯ ಎಂಬ ಪರಿಕಲ್ಪನೆ ಇಂತಹ ಚರ್ಚೆಗಳಲ್ಲಿ ಬೆಳೆಯಿತು. ಈ ಪದದ ಕರ್ತೃತ್ವವನ್ನು ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಅವರ 1998ರ ಪ್ರಬಂಧಕ್ಕೆ ಸಲ್ಲಿಸುವುದು ವಾಡಿಕೆ. ಅದೇ ವರ್ಷ ಪತ್ರಕರ್ತ ಹಾರ್ವಿ ಬ್ಲೂಮ್ ಇದನ್ನು ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬಳಸಿದರು. ಇದು ಒಬ್ಬರ ಸೃಷ್ಟಿಯಲ್ಲ, ಸಮುದಾಯದ ಒಟ್ಟು ಚಿಂತನೆಯ ಫಲವೆಂದು 2024ರಲ್ಲಿ ಸಂಶೋಧಕರ ಗುಂಪೊಂದು ಹಳೆಯ ಪತ್ರವ್ಯವಹಾರದ ಆಧಾರದ ಮೇಲೆ ವಾದಿಸಿದೆ.

ಸ್ವಲೀನರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎಂಬ ಹಳೆಯ ವಾದಕ್ಕೆ ಪ್ರತಿಯಾಗಿ ಬ್ರಿಟನ್ನಿನ ಸ್ವಲೀನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ‘ಇಬ್ಬದಿಯ ಸಹಾನುಭೂತಿ ಸಮಸ್ಯೆ’ಯನ್ನು ಮುಂದಿಟ್ಟರು. ಅರ್ಥವಾಗದಿರುವುದು ಪರಸ್ಪರ, ಹೊರೆಯನ್ನು ಮಾತ್ರ ಒಂದೇ ಕಡೆಗೆ ಹೊರಿಸಲಾಗಿದೆ ಎಂಬುದು ಅದರ ಸಾರ. ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟೆಂಟು ಜನರ ಸಾಲುಗಳಲ್ಲಿ ಒಬ್ಬರಿಂದೊಬ್ಬರಿಗೆ ಕಥೆಯೊಂದನ್ನು ದಾಟಿಸಲಾಯಿತು. ಬರೀ ಸ್ವಲೀನರಿದ್ದ ಸಾಲುಗಳು ಸ್ವಲೀನರಲ್ಲದವರ ಸಾಲುಗಳಷ್ಟೇ ಚೆನ್ನಾಗಿ ಕಥೆಯನ್ನು ಉಳಿಸಿಕೊಂಡವು, ಮಿಶ್ರ ಸಾಲುಗಳಲ್ಲಿ ವಿವರಗಳು ಬೇಗ ಕಳೆದುಹೋದವು. ಮುನ್ನೂರಕ್ಕೂ ಹೆಚ್ಚು ಜನರನ್ನೊಳಗೊಂಡು 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಿಶ್ರ ಸಾಲುಗಳ ಈ ಹಿನ್ನಡೆ ಕಂಡುಬರಲಿಲ್ಲ. ಆದರೆ ಸ್ವಲೀನರು ತಮ್ಮತಮ್ಮೊಳಗೆ ಸಂವಹನದಲ್ಲಿ ಹಿಂದುಳಿದಿಲ್ಲವೆಂಬ ಅಂಶ ಎರಡರಲ್ಲಿಯೂ ಉಳಿದಿದೆ.

ಆಚರಣೆ ಮತ್ತು ಸಂಕೇತಗಳು

ಆಟಿಸ್ಟಿಕ್ ಪ್ರೈಡ್ ಡೇಯನ್ನು ‘ಆಸ್ಪೀಸ್ ಫಾರ್ ಫ್ರೀಡಂ’ ಎಂಬ ಗುಂಪು 2005ರಲ್ಲಿ ಆರಂಭಿಸಿತು. ಆಗ ಗುಂಪಿನಲ್ಲಿದ್ದ ಅತ್ಯಂತ ಕಿರಿಯ ಸದಸ್ಯನ ಹುಟ್ಟುಹಬ್ಬ ಜೂನ್ 18 ಆಗಿದ್ದುದರಿಂದ ಆ ದಿನವನ್ನು ಆರಿಸಿಕೊಳ್ಳಲಾಯಿತು. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನವನ್ನು ವಿಶ್ವಸಂಸ್ಥೆ ಘೋಷಿಸಿದ್ದರೆ, ಇದನ್ನು ಸ್ವಲೀನರೇ ಆರಂಭಿಸಿದರು ಎಂಬುದು ಎರಡರ ನಡುವಿನ ವ್ಯತ್ಯಾಸ. ಲಂಡನ್ನಿನ ಹೈಡ್ ಪಾರ್ಕ್ ಮುಂತಾದೆಡೆ ಆಚರಣೆಯು ಭಾಷಣಕ್ಕಿಂತ ಹೆಚ್ಚಾಗಿ ಬುತ್ತಿ ಕಟ್ಟಿಕೊಂಡು ಬಂದು ಹುಲ್ಲುಹಾಸಿನ ಮೇಲೆ ಕಾಲ ಕಳೆಯುವ ರೂಪದಲ್ಲಿದೆ.

ಬ್ರಿಟನ್ನಿನ ಪೋಷಕರ ಸಂಘವೊಂದು 1963ರಲ್ಲಿ ಬಳಕೆಗೆ ತಂದ ಒಗಟಿನ ತುಂಡಿನ ಚಿಹ್ನೆಯನ್ನು ಚಳವಳಿ ಒಪ್ಪುವುದಿಲ್ಲ. ಮನುಷ್ಯರನ್ನು ಅಪೂರ್ಣರೆಂದೂ ಬಿಡಿಸಬೇಕಾದ ಸಮಸ್ಯೆಯೆಂದೂ ಅದು ಸೂಚಿಸುತ್ತದೆ ಎಂಬುದು ಆಕ್ಷೇಪ. ಬದಲಾಗಿ ಕಾಮನಬಿಲ್ಲಿನ ಬಣ್ಣಗಳ ಅನಂತ ಚಿಹ್ನೆಯನ್ನು ನರವೈವಿಧ್ಯಕ್ಕೂ, ಬಂಗಾರದ ಬಣ್ಣದ್ದನ್ನು ಸ್ವಲೀನತೆಗೂ ಬಳಸಲಾಗುತ್ತದೆ. ಚಿನ್ನದ ರಾಸಾಯನಿಕ ಸಂಕೇತದ ಎರಡು ಅಕ್ಷರಗಳೇ ಆಟಿಸಂ ಪದದ ಮೊದಲೆರಡು ಇಂಗ್ಲಿಷ್ ಅಕ್ಷರಗಳೂ ಆಗಿವೆ.

ಹಕ್ಕುಗಳ ಹೋರಾಟ

2006ರಲ್ಲಿ ಆರಿ ನೀಮನ್ ಮತ್ತು ಸ್ಕಾಟ್ ರಾಬರ್ಟ್‌ಸನ್ ಅಮೆರಿಕದಲ್ಲಿ ಆಟಿಸ್ಟಿಕ್ ಸೆಲ್ಫ್ ಅಡ್ವೊಕೆಸಿ ನೆಟ್‌ವರ್ಕ್ ಸ್ಥಾಪಿಸಿದರು. 2007ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರವು ನಗರದಲ್ಲೆಲ್ಲ ಹಾಕಿದ ಜಾಹೀರಾತುಗಳಲ್ಲಿ ಸ್ವಲೀನತೆ ಮೊದಲಾದ ಸ್ಥಿತಿಗಳನ್ನು ಮಕ್ಕಳನ್ನು ಅಪಹರಿಸಿದವರಂತೆ ಚಿತ್ರಿಸಿ, ಒತ್ತೆಹಣದ ಪತ್ರಗಳ ರೂಪ ಕೊಡಲಾಗಿತ್ತು. ಈ ಸಂಸ್ಥೆಯ ಮುಂದಾಳುತನದಲ್ಲಿ ಅಂಗವಿಕಲರ ಅನೇಕ ಸಂಘಟನೆಗಳು ಪ್ರತಿಭಟಿಸಿದಾಗ ಕೆಲವೇ ವಾರಗಳಲ್ಲಿ ಜಾಹೀರಾತುಗಳನ್ನು ಹಿಂತೆಗೆದುಕೊಳ್ಳಲಾಯಿತು. 2010ರಲ್ಲಿ ನೀಮನ್ ಅಮೆರಿಕದ ರಾಷ್ಟ್ರೀಯ ಅಂಗವೈಕಲ್ಯ ಮಂಡಳಿಯ ಸದಸ್ಯರಾದರು. ಕುಟುಂಬದವರಿಂದ ಅಥವಾ ಆರೈಕೆದಾರರಿಂದ ಕೊಲೆಯಾದ ಅಂಗವಿಕಲರ ನೆನಪಿಗಾಗಿ 2012ರಲ್ಲಿ ಆರಂಭವಾದ ದೀಪಸ್ಮರಣೆ ಈಗ ಮಾರ್ಚ್ 1ರಂದು ಹಲವು ನಗರಗಳಲ್ಲಿ ನಡೆಯುತ್ತದೆ. ಅಲ್ಲಿ ಮೃತರ ಹೆಸರುಗಳನ್ನು ಒಂದೊಂದಾಗಿ ಓದಲಾಗುತ್ತದೆ.

ಸ್ವಾಭಿಮಾನದ ಪ್ರಶ್ನೆ ಆರೋಗ್ಯದ ಪ್ರಶ್ನೆಯೂ ಹೌದು. ಇತರರಂತೆ ಕಾಣಿಸಿಕೊಳ್ಳಲು ತಮ್ಮ ಸಹಜ ವರ್ತನೆಯನ್ನು ಸದಾ ಅದುಮಿಡುವುದನ್ನು ‘ಮಾಸ್ಕಿಂಗ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಸಾರಾ ಕ್ಯಾಸಿಡಿ ಮತ್ತು ಸಂಗಡಿಗರ 2018ರ ಅಧ್ಯಯನವು ಸ್ವಲೀನ ವಯಸ್ಕರಲ್ಲಿ ಇಂತಹ ಮುಖವಾಡಕ್ಕೂ, ದೊರೆಯದ ನೆರವಿಗೂ, ಆತ್ಮಹತ್ಯೆಯ ಯೋಚನೆಗಳಿಗೂ ಸಂಬಂಧವಿರುವುದನ್ನು ತೋರಿಸಿತು.

ಟೀಕೆಗಳು

ಚಳವಳಿಯು ಮಾತು ಬಲ್ಲ, ಬರೆಯಬಲ್ಲ ಸ್ವಲೀನರ ದನಿಯಷ್ಟೇ ಎಂಬುದು ಮುಖ್ಯ ಟೀಕೆ. ಅಪಸ್ಮಾರ, ಬೌದ್ಧಿಕ ಅಂಗವೈಕಲ್ಯ, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವಿಕೆ ಇವುಗಳೊಂದಿಗೆ ಬದುಕುವ, ದಿನದ 24 ಗಂಟೆಯೂ ಆರೈಕೆ ಬೇಕಾದವರ ಕುಟುಂಬಗಳಿಗೆ ಸ್ವಾಭಿಮಾನದ ಮಾತು ದೂರದ್ದಾಗಿ ಕೇಳಿಸುತ್ತದೆ. ಈ ಗುಂಪಿನ ಅಗತ್ಯಗಳು ಮರೆಯಾಗದಿರಲೆಂದು ಲ್ಯಾನ್ಸೆಟ್ ಆಯೋಗವು 2021ರಲ್ಲಿ ‘ತೀವ್ರ ಸ್ವಲೀನತೆ’ ಎಂಬ ಪ್ರತ್ಯೇಕ ಆಡಳಿತಾತ್ಮಕ ವರ್ಗವನ್ನು ಸೂಚಿಸಿತು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಚಳವಳಿಯ ಉತ್ತರವೆಂದರೆ, ತಾವು ಅಂಗವೈಕಲ್ಯವನ್ನು ನಿರಾಕರಿಸುತ್ತಿಲ್ಲ, ಅಪಸ್ಮಾರಕ್ಕೆ ಚಿಕಿತ್ಸೆ ಬೇಡವೆನ್ನುತ್ತಿಲ್ಲ, ಹೆಚ್ಚು ನೆರವು ಬೇಕಾದವರಿಗೇ ಗೌರವವೂ ಹೆಚ್ಚು ಬೇಕಾಗಿದೆ ಎಂಬುದು. ಮಾತನಾಡದ ಅಮೆರಿಕದ ಲೇಖಕ ಮೆಲ್ ಬ್ಯಾಗ್ಸ್ 2007ರಲ್ಲಿ ಪ್ರಕಟಿಸಿದ ‘ಇನ್ ಮೈ ಲ್ಯಾಂಗ್ವೇಜ್’ ಎಂಬ ವಿಡಿಯೊ ಈ ವಾದಕ್ಕೆ ಉದಾಹರಣೆಯಾಗಿ ಉಲ್ಲೇಖಗೊಳ್ಳುತ್ತದೆ. ನೀರನ್ನು ಸ್ಪರ್ಶಿಸುವ, ಗುನುಗುವ, ತೂಗಾಡುವ ತಮ್ಮ ಚಲನೆಗಳು ಸುತ್ತಲಿನ ಜಗತ್ತಿನೊಂದಿಗಿನ ಸಂಭಾಷಣೆಯೆಂದು ಅದರಲ್ಲಿ ಅವರು ಕಂಪ್ಯೂಟರ್ ದನಿಯ ಮೂಲಕ ವಿವರಿಸಿದ್ದಾರೆ.

ಭಾರತದಲ್ಲಿ

ಭಾರತದಲ್ಲಿ ಈ ಕ್ಷೇತ್ರದ ಕೆಲಸವನ್ನು ಪೋಷಕರೇ ಆರಂಭಿಸಿದರು. ಮೆರಿ ಬರುವಾ 1991ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ‘ಆಕ್ಷನ್ ಫಾರ್ ಆಟಿಸಂ’ ಇವುಗಳಲ್ಲಿ ಪ್ರಮುಖವಾದುದು. 1995ರ ಅಂಗವಿಕಲರ ಕಾಯ್ದೆಯು ಪಟ್ಟಿ ಮಾಡಿದ ಏಳು ಅಂಗವೈಕಲ್ಯಗಳಲ್ಲಿ ಸ್ವಲೀನತೆ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಸೇರಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಸ್ವಲೀನತೆಗೆ ಸ್ಥಾನ ನೀಡಿತು. ಅದರಡಿ ಸರ್ಕಾರಿ ಉದ್ಯೋಗದ ಶೇ. 4ರ ಮೀಸಲಾತಿಯಲ್ಲಿ ಸ್ವಲೀನರಿಗೂ ಪಾಲಿದೆ.

ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು ಮತ್ತು ಬೆಂಗಳೂರಿನಲ್ಲಿ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯ, ಸ್ವಲೀನರ ಬರವಣಿಗೆಯಲ್ಲಿ ಅಂತರರಾಷ್ಟ್ರೀಯವಾಗಿ ಪರಿಚಿತವಾದ ಹೆಸರು. ಮಾತು ಬಹಳ ಕಡಿಮೆಯಿರುವ ಅವರಿಗೆ ತಾಯಿ ಸೋಮಾ ಅವರು ಅಕ್ಷರಫಲಕದ ಮೂಲಕ ಓದುಬರಹ ಕಲಿಸಿದರು. ಅವರ ‘ಬಿಯಾಂಡ್ ದ ಸೈಲೆನ್ಸ್’ 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ತಾಯಿ ಮುಂದೆ ಅಮೆರಿಕದಲ್ಲಿ ಪ್ರಚಾರಕ್ಕೆ ತಂದ ಕಲಿಕಾ ವಿಧಾನಕ್ಕೆ ವೈಜ್ಞಾನಿಕ ಆಧಾರ ಸಾಲದೆಂದು ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿದೆ.

ಭಾರತದ ಸ್ವಲೀನ ವಯಸ್ಕರಿಗೆ ಸಂಬಂಧಿಸಿದಂತೆ ಕಾನೂನು ಎರಡು ದಿಕ್ಕಿನಲ್ಲಿ ಎಳೆಯುತ್ತದೆ. 1999ರ ಕಾಯ್ದೆಯಡಿ ಹದಿನೆಂಟು ದಾಟಿದ ವ್ಯಕ್ತಿಗೂ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸಬಹುದು. 2016ರ ಕಾಯ್ದೆಯು ಅಂಗವಿಕಲರಿಗೆ ಇತರರಿಗೆ ಸಮನಾದ ಕಾನೂನಾತ್ಮಕ ಸಾಮರ್ಥ್ಯವನ್ನು ಒಪ್ಪಿಕೊಂಡು, ಪಾಲಕರು ಆ ವ್ಯಕ್ತಿಯೊಂದಿಗೆ ಸಮಾಲೋಚಿಸಿಯೇ ನಿರ್ಧಾರ ಕೈಗೊಳ್ಳುವ ಸೀಮಿತ ಪಾಲಕತ್ವವನ್ನು ಹೇಳುತ್ತದೆ. ಮೊದಲಿನ ಕಾಯ್ದೆ ರದ್ದಾಗಿಲ್ಲ.