ಅಂಚೆಮನೆ ಹೊಕ್ಕ ರಂಗಗಳು
ವಿಚಿತ್ರಾ ಭವನ, ಜೊರಾಸಾಂಕೊ ಠಾಕೂರ್ ಮನೆತನದ ವಾಡೆ, ಕೋಲ್ಕತ್ತ

ರವೀಂದ್ರನಾಥ ಠಾಕೂರರು 1911ರಲ್ಲಿ ಬಂಗಾಳಿಯಲ್ಲಿ ಬರೆದ ನಾಟಕ 'ಡಾಕ್‌ಘರ್', ಅಂದರೆ ಅಂಚೆಮನೆ. ಕಾಯಿಲೆಯ ಹುಡುಗ ಅಮಲ್ ಹೊರಗೆ ಕಾಲಿಡಬಾರದೆಂದು ವೈದ್ಯನ ಕಟ್ಟಪ್ಪಣೆ. ಕಿಟಕಿಯಲ್ಲೇ ಕೂತು ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂವಿನ ಹುಡುಗಿ ಸುಧಾಳನ್ನು ಮಾತಿಗೆಳೆಯುತ್ತಾನೆ. ರಾಜನ ಕಾಗದಕ್ಕಾಗಿ ಕಾಯುತ್ತಾನೆ.

1913ರ ಮೇ ತಿಂಗಳಲ್ಲಿ ಐರ್ಲೆಂಡಿನ ಡಬ್ಲಿನ್‌ನ ಅಬ್ಬೆ ಥಿಯೇಟರ್ ಇದನ್ನು ಇಂಗ್ಲಿಷಿನಲ್ಲಿ ಆಡಿತು. ಕವಿಗೆ ನೊಬೆಲ್ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ!

ಈ ಭವನದಲ್ಲಿ ಪ್ರದರ್ಶನವಾದದ್ದು 1917ರಲ್ಲಿ. ಸಿರಿವಂತರ ಹಜಾರದೊಳಗೆ ಹುಲ್ಲುಮಾಡಿನ ಹಳ್ಳಿ ಗುಡಿಸಲೊಂದು ಎದ್ದಿತು. ಪರದೆಗೆ ಬಣ್ಣ ಬಳಿದು ಊರು ತೋರಿಸುವ ಅಂದಿನ ಕಂಪನಿ ನಾಟಕಗಳ ಕಣ್ಣಿಗೆ ಅದು ಬಡ ರಂಗ. ಆದರೆ ಅದನ್ನು ರೂಪಿಸಿದವರಲ್ಲಿ ಅವನೀಂದ್ರನಾಥರಂಥ ಚಿತ್ರಕಾರರಿದ್ದರು. ನಟರೂ ಹೆಚ್ಚಾಗಿ ಮನೆಯವರೇ: ಅಮಲ್‌ನ ಸಾಕುತಂದೆ ಮಾಧವನಾಗಿ ಗಗನೇಂದ್ರನಾಥ, 'ಠಾಕುರ್ದಾ' ಎಂಬ ಅಜ್ಜನಾಗಿ ಸ್ವತಃ ಕವಿ. ಆ ವರ್ಷಾಂತ್ಯದ ಕಾಂಗ್ರೆಸ್ ಅಧಿವೇಶನಕ್ಕೆ ಕಲ್ಕತ್ತೆಗೆ ಬಂದಿದ್ದ ಗಾಂಧಿ ಮತ್ತು ಆನಿ ಬೆಸೆಂಟ್ ಕೂಡ ನಾಟಕ ನೋಡಿದರು.

1942ರ ಜುಲೈ 18ರಂದು ನಾಜಿಗಳ ವಶದಲ್ಲಿದ್ದ ವಾರ್ಸಾದ ಯಹೂದಿ ಘೆಟ್ಟೊದಲ್ಲಿ, ವೈದ್ಯ ಯಾನುಷ್ ಕೋರ್ಚಾಕ್ ನಡೆಸುತ್ತಿದ್ದ ಅನಾಥಾಲಯದ ಮಕ್ಕಳು ಇದೇ ನಾಟಕ ಆಡಿದರು. ಮೂರು ವಾರ ತುಂಬುವ ಮೊದಲೇ ಸುಮಾರು 200 ಮಕ್ಕಳನ್ನೂ ಅವರನ್ನು ಬಿಟ್ಟುಹೋಗಲೊಪ್ಪದ ಕೋರ್ಚಾಕರನ್ನೂ ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಲಾಯಿತು.

ಗಮನಿಸಿ: ಭವನದ ಕಿಟಕಿಗಳು. ಕೊನೆಯ ದೃಶ್ಯದಲ್ಲಿ ರಾಜವೈದ್ಯ ಬಂದವನೇ ಮೊದಲು ಹೇಳುವುದು, ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿರಿ ಎಂದು.