ನಲವತ್ತು ದಿನದ ಒಪ್ಪತ್ತು, ವರ್ಷವಿಡೀ ಹಸಿವು

ಮನೆಯಲ್ಲಿ ಕಾಳು ಇದ್ದೂ ಉಣ್ಣದವನದು ಉಪವಾಸ. ಕಾಳೇ ಇಲ್ಲದೆ ಉಣ್ಣದವನದು ಹಸಿವು. ಇತಿಹಾಸ ಬರೆದವರು ಮೊದಲನೆಯದನ್ನು ಪುಣ್ಯ ಅಂದರು, ಎರಡನೆಯದನ್ನು ಕರ್ಮ ಅಂದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕೇರಿಗಳಿಂದ ಬಂದು ನಾಲ್ಕಕ್ಷರ ಕಲಿತ ನಾವು ಈ ಎರಡರ ನಡುವಿನ ಗೆರೆಯನ್ನು ಎಳೆದವರು ಯಾರು ಅಂತ ಕೇಳಲೇಬೇಕು. ಏಕಾದಶಿ, ಶ್ರಾವಣ ಸೋಮವಾರ, ರೋಜಾ, ಇವುಗಳ ಬಗ್ಗೆ ಮಾತು ಸಾಕಷ್ಟು ಆಗಿದೆ. ನಮ್ಮ ಮಗ್ಗುಲಲ್ಲೇ ಇರುವ ಕಥೋಲಿಕ ಕ್ರೈಸ್ತರ ತಪಸ್ಸುಕಾಲದ ಬಗ್ಗೆ ಮಾತೇ ಇಲ್ಲ. ಅವರ ಒಪ್ಪತ್ತಿನ ಚರಿತ್ರೆಯಲ್ಲಿ ನಮ್ಮ ಚರಿತ್ರೆಯೂ ಸೇರಿಕೊಂಡಿದೆ.

ನಮ್ಮ ಕಡೆ ಕಥೋಲಿಕರು ಕೈಬೆರಳೆಣಿಕೆಯ ಮಂದಿ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು ೧೮೨೦ರಲ್ಲಿ. ೧೯೦೪ರಲ್ಲಿ ಅದರ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಕೇರಿಯ ಬಹಳ ಮನೆಗಳು ಕ್ರಿಸ್ತನನ್ನು ಕಂಡದ್ದು ಆ ಪ್ರಾಟೆಸ್ಟಂಟ್ ದಾರಿಯಲ್ಲಿ. ಅಲ್ಲಿ ಉಪವಾಸಕ್ಕೆ ಕಾನೂನಿನ ಕಟ್ಟು ಇಲ್ಲ. ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ ಹುಟ್ಟಿದ್ದು ೧೯೫೩ರಲ್ಲಿ. ಕಥೋಲಿಕರಿಗೆ ಉಪವಾಸವೆಂದರೆ ಬರೆದಿಟ್ಟ ನಿಯಮ.

ಆ ನಿಯಮ ಏನು? ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದ ತನಕ ಎಣಿಸಿದರೆ ೪೬ ದಿನ. ನಡುವಿನ ಆರು ಭಾನುವಾರ ತೆಗೆದರೆ ೪೦. ಭಾನುವಾರ ಯೇಸು ಎದ್ದು ಬಂದ ದಿನ, ಆ ದಿನ ಉಪವಾಸ ಸಲ್ಲದು. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ಹಣೆಗೆ ಹಚ್ಚುತ್ತಾರೆ. ಆ ಬೂದಿಗೆ ‘ವಿಭೂತಿ’ ಅಂತ ಹೆಸರಿಟ್ಟದ್ದು ಕನ್ನಡ. ರೋಮಿನ ಹಬ್ಬ ಶರಣರ ಮಾತಿನಲ್ಲಿ ನಮ್ಮೂರಿಗೆ ಬಂತು. ೧೯೮೩ರ ಧರ್ಮಸಭೆಯ ಕಾನೂನಿನ ಪ್ರಕಾರ ಹದಿನಾಲ್ಕು ತುಂಬಿದವರು ಶುಕ್ರವಾರ ಮಾಂಸ ತಿನ್ನುವಂತಿಲ್ಲ. ಮೀನು ಆದೀತು. ಹದಿನೆಂಟು ತುಂಬಿದವರಿಂದ ಅರವತ್ತಕ್ಕೆ ಕಾಲಿಡದವರ ತನಕ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತಿನ ತುಂಬು ಊಟ.

ಹಿಂದೆ ಇಷ್ಟು ಸಡಿಲ ಇರಲಿಲ್ಲ. ಮಧ್ಯಯುಗದ ಯುರೋಪಿನಲ್ಲಿ ನಲವತ್ತು ದಿನವೂ ಮಾಂಸ, ಹಾಲು, ಬೆಣ್ಣೆ, ತತ್ತಿ ಎಲ್ಲ ಬಂದ್. ಕೋಳಿಗೆ ಧರ್ಮಸಭೆಯ ನಿಯಮ ಗೊತ್ತಿಲ್ಲವಲ್ಲ, ಅದು ತತ್ತಿ ಇಡುತ್ತಲೇ ಇತ್ತು. ಕೂಡಿಬಿದ್ದ ತತ್ತಿಗಳನ್ನು ಪಾಸ್ಖದ ದಿನ ಬಣ್ಣ ಹಚ್ಚಿ ಹಂಚಿದರು. ಇವತ್ತು ಅಂಗಡಿಯಲ್ಲಿ ಮಾರುವ ಈಸ್ಟರ್ ತತ್ತಿಯ ಮೂಲ ಅದು. ಆದರೆ ರೊಕ್ಕ ಇದ್ದವರು ರೊಕ್ಕ ಕೊಟ್ಟು ಬೆಣ್ಣೆ ತಿನ್ನಲು ಪರವಾನಗಿ ಕೊಳ್ಳುತ್ತಿದ್ದರು. ಇಲ್ಲದವರಿಗೆ ನಿಯಮ ಪೂರಾ ಬಿಗಿ. ೧೫೨೨ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಊರಲ್ಲಿ ಫ್ರೊಶಾವರ್ ಎಂಬ ಮುದ್ರಕನ ಮನೆಯಲ್ಲಿ ತಪಸ್ಸುಕಾಲದಲ್ಲೇ ಮಾಂಸ ತಿಂದರು. ವಿಚಾರಣೆ ನಡೆಯಿತು. ನನ್ನ ಕೆಲಸಗಾರರು ಹಗಲು ರಾತ್ರಿ ದುಡಿಯುತ್ತಾರೆ, ಬರೀ ಗಂಜಿಯ ಮೇಲೆ ಅವರ ಕೈ ನಡೆಯುವುದಿಲ್ಲ ಅಂತ ಅವನು ವಾದಿಸಿದ. ಆ ಊರಿನ ಧರ್ಮಸುಧಾರಣೆಗೆ ಕಿಡಿ ಹತ್ತಿದ್ದು ಈ ಊಟದಿಂದ. ದೊಡ್ಡ ದೊಡ್ಡ ಸಿದ್ಧಾಂತಗಳ ಕೆಳಗೆ ದುಡಿಯುವವನ ಹೊಟ್ಟೆ ಇತ್ತು ಅನ್ನುವುದನ್ನು ನಾವು ಮರೆಯಬಾರದು. ಮೈಮುರಿದು ದುಡಿಯುವವರಿಗೆ ಕಥೋಲಿಕ ಸಭೆಯೂ ಮುಂದೆ ವಿನಾಯಿತಿ ಕೊಟ್ಟಿತು. ೧೯೬೬ರಲ್ಲಿ ಆರನೆಯ ಪೌಲ ಜಗದ್ಗುರುಗಳು ಕಡ್ಡಾಯ ಉಪವಾಸವನ್ನು ಎರಡು ದಿನಕ್ಕೆ ಇಳಿಸಿದರು.

ಈಗ ನಮ್ಮ ನೆಲಕ್ಕೆ ಬರೋಣ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ನುಚ್ಚು, ಅಂಬಲಿ. ಪುಸ್ತಕದ ಲೆಕ್ಕದಲ್ಲಿ ಇದು ತಪಸ್ಸಿನ ಊಟ. ಕೂಲಿಯವನ ಮನೆಯಲ್ಲಿ ಇದು ದಿನದ ಊಟ, ಅದೂ ಸಿಕ್ಕರೆ. ಮಾಂಸ ಬಿಡಬೇಕು ಅಂತದ ನಿಯಮ. ಬಿಡ್ಲಿಕ್ಕೆ ಮಾಂಸ ಯಾವಾಗ ಇತ್ತು? ೧೮೭೬-೭೮ರ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ೧೮೭೭ರಲ್ಲಿ ರಿಚರ್ಡ್ ಟೆಂಪಲ್ ಎಂಬ ಸರಕಾರದ ದೊಡ್ಡ ಅಧಿಕಾರಿ ಬರಗಾಲದ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳಿನ ಲೆಕ್ಕದ ಕೂಲಿ ಸಾಕು ಅಂದ. ಅರ್ಧ ಸೇರಿಗೂ ಕಡಿಮೆ ಕಾಳು ತಿಂದು ಇಡೀ ದಿನ ಕಲ್ಲು ಒಡೆಯಬೇಕು. ಇಂಥ ಉಪವಾಸಕ್ಕೆ ಯಾವ ಪಾಸ್ಖವೂ ಬರಲಿಲ್ಲ.

ಪಂಚಾಂಗವನ್ನೂ ನೋಡಿ. ಮಾರ್ಚ್ ೨೧ರ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಪಾಸ್ಖ. ಅಂದರೆ ಬಹಳ ವರ್ಷ ನಮ್ಮ ದವನದ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ, ಕೆಲವು ವರ್ಷ ಹೋಳಿ ಹುಣ್ಣಿಮೆಯ ಬೆನ್ನಿಗೆ. ಸುಗ್ಗಿ ಮುಗಿದು ಕೂಲಿ ನಿಲ್ಲುವ ಹೊತ್ತು ಅದು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲೂ ಸಾವು ಮತ್ತು ಮರುಹುಟ್ಟಿನ ಕಥೆ ಉಂಟು. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಜೋಗತಿಯರ ಬಳೆ ಒಡೆಯುತ್ತಾರೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆತನ. ಶುಭ ಶುಕ್ರವಾರದ ಶೋಕ, ಪಾಸ್ಖದ ಸಂಭ್ರಮ ನೋಡಿದವರಿಗೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಆದರೆ ಗುಡ್ಡದ ಕಥೆಗೆ ಬೆಲೆ ತೆತ್ತವರು ಯಾರು? ಮುತ್ತು ಕಟ್ಟಿಸಿಕೊಂಡ ನಮ್ಮ ಕೇರಿಯ ಹೆಣ್ಣುಮಕ್ಕಳು. ಅದನ್ನು ನಿಷೇಧಿಸುವ ರಾಜ್ಯದ ಕಾಯಿದೆ ಬರಲು ೧೯೮೨ ಆಗಬೇಕಾಯಿತು.

ಹಾಗಾದರೆ ಶಿಲುಬೆ ಹಿಡಿದು ಬಂದವರು ಜಾತಿ ಬಿಟ್ಟು ಉಂಡರೆ? ಇಲ್ಲಿ ಇತಿಹಾಸ ಕಹಿಯಾಗುತ್ತದೆ. ೧೬೦೬ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ಡಿ ನೊಬಿಲಿ ಬ್ರಾಹ್ಮಣರನ್ನು ಒಲಿಸಲು ಮಾಂಸ ಬಿಟ್ಟ, ಸನ್ಯಾಸಿ ವೇಷ ಹಾಕಿದ, ಬ್ರಾಹ್ಮಣ ಅಡುಗೆಯವನನ್ನು ಇಟ್ಟುಕೊಂಡ. ೧೬೪೮ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯದೂ ಸನ್ಯಾಸಿಯ ದಾರಿಯೇ. ಕೆಳಜಾತಿಗಳಿಗೆ ‘ಪಂಡಾರಸ್ವಾಮಿ’ ಎಂಬ ಬೇರೆ ಗುರುಗಳನ್ನೇ ಮಾಡಿದರು. ೧೭೦೪ರಲ್ಲಿ ಪಾಂಡಿಚೇರಿಯಲ್ಲಿ ಜಗದ್ಗುರುವಿನ ಪ್ರತಿನಿಧಿ ಟೂರ್ನೊ, ಸಾಯುವ ಪರಯರ ಗುಡಿಸಲಿಗೆ ಹೋಗಿ ಸಂಸ್ಕಾರ ಕೊಡಲೇಬೇಕು ಅಂತ ಆಜ್ಞೆ ಮಾಡಬೇಕಾಯಿತು. ಅದು ನಡೆಯಲಿಲ್ಲ. ೧೭೪೪ರಲ್ಲಿ ಪರಯರಿಗೆಂದೇ ಬೇರೆ ಗುರುಗಳು ಎಂಬ ರಾಜಿಗೆ ರೋಮು ಮುದ್ರೆ ಒತ್ತಿತು. ಒಂದೇ ಪರಮಪ್ರಸಾದ, ಎರಡು ಕೈ!

ಗೋವೆಯಲ್ಲಿ ಇದರ ಉಲ್ಟಾ. ಅಲ್ಲಿಯ ಧರ್ಮವಿಚಾರಣೆಯ ಕೋರ್ಟು ೧೭೩೬ರಲ್ಲಿ ಹೊರಡಿಸಿದ ಶಾಸನದಲ್ಲಿ, ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಬೇಯಿಸುವುದೂ ಅಪರಾಧ. ಮಧುರೆಯಲ್ಲಿ ಮೇಲ್ಜಾತಿಯ ಪಥ್ಯ ಪುಣ್ಯವಾಯಿತು, ಗೋವೆಯಲ್ಲಿ ಅದೇ ಪಾಪವಾಯಿತು. ಎರಡೂ ಕಡೆ ಕಾವಲು ಬಿದ್ದದ್ದು ಹೆಂಗಸರ ಒಲೆಯ ಮೇಲೆ.

ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಕಳೆದ ಶತಮಾನದಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಶಾಕಾಹಾರಿಗಳಾಗಿ, ತಮ್ಮ ನೆಲೆಗೆ ‘ವಿರಕ್ತಮಠ’ ಅಂತ ಹೆಸರಿಟ್ಟರು. ನಮ್ಮ ಮಾತು ಕಲಿತರು, ನೆಲದ ಮೇಲೆ ಕೂತು ಉಂಡರು. ಆ ಸರಳತೆಗೆ ನಮ್ಮ ಗೌರವ ಇದೆ. ಆದರೂ ಕೇಳುತ್ತೇವೆ: ಪವಿತ್ರನಾಗಲು ಹೊರಟವನು ಯಾಕೆ ಯಾವಾಗಲೂ ಮೇಲಿನ ಮನೆಯ ಅಡುಗೆಯನ್ನೇ ಆರಿಸುತ್ತಾನೆ? ನಮ್ಮ ಗಡಿಗೆಯಲ್ಲಿ ಬೆಂದದ್ದಕ್ಕೆ ಪಾವಿತ್ರ್ಯ ಯಾಕಿಲ್ಲ? ಸ್ವತಃ ಯೇಸು ಹೊಲೆ ಮುಟ್ಟಿನ ಲೆಕ್ಕ ಇಡದೆ ಸುಂಕದವರ ಪಂಕ್ತಿಯಲ್ಲಿ ಕೂತು ಉಂಡವನು. ಅದಕ್ಕೇ ಅಲ್ಲವೇ ಅವನ ಮೇಲೆ ದೊಡ್ಡವರು ಸಿಟ್ಟಾದದ್ದು?

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಅಂಬೇಡ್ಕರರೂ ೧೯೨೭ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂದರು. ಅದು ಮಡಿಯ ಮಾತಲ್ಲ, ಸ್ವಾಭಿಮಾನದ ಮಾತು. ಒಡೆಯ ಎಸೆದದ್ದನ್ನು ಒಲ್ಲೆ ಅನ್ನುವುದು ಬಂಡಾಯ. ಒಡೆಯ ಬೇಡ ಅಂದದ್ದಕ್ಕೆ ಬಿಡುವುದು ಗುಲಾಮಗಿರಿ. ತಪಸ್ಸುಕಾಲದ ಒಪ್ಪತ್ತು ತಾನಾಗಿ ಬಿಟ್ಟದ್ದು. ೨೦೨೦ರ ರಾಜ್ಯದ ಜಾನುವಾರು ಕಾಯಿದೆ ದಲಿತ, ಮುಸಲ್ಮಾನ, ಕ್ರೈಸ್ತರ ತಟ್ಟೆಯಿಂದ ಅಗ್ಗದ ಮಾಂಸ ಕಿತ್ತುಕೊಂಡದ್ದು ಬೇರೆ. ಅದು ಪಾಸ್ಖದ ದಿನವೂ ಮುಗಿಯದ ತಪಸ್ಸುಕಾಲ.

ಕ್ರೈಸ್ತನಾದ ದಲಿತನಿಗೆ ಮತ್ತೊಂದು ಉಪವಾಸವನ್ನು ಸರಕಾರವೇ ಹೇರಿದೆ. ೧೯೫೦ರ ರಾಷ್ಟ್ರಪತಿ ಆದೇಶ ಅವನನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ೧೯೫೬ರಲ್ಲಿ ಸಿಖ್ಖರಿಗೆ, ೧೯೯೦ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ೨೦೨೨ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಧರ್ಮ ಬದಲಿಸಿದರೆ ಜಾತಿ ಹೋಗುತ್ತದೆ ಅನ್ನುವವರು ೨೦೧೬ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ ಹೊರತಂದ ದಲಿತ ನೀತಿಯನ್ನು ಓದಲಿ. ಸಭೆಯೊಳಗೇ ಅಸ್ಪೃಶ್ಯತೆ ಇದೆ ಅಂತ ಅವರೇ ಬರೆದಿದ್ದಾರೆ.

ಹಳ್ಳಿ ಶಾಲೆಯ ಗೆಳೆಯ ಮಾಸ್ತರರೇ, ಕೊನೆಗೆ ಮಾತು ತತ್ತಿಗೇ ಬರುತ್ತದೆ. ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ತತ್ತಿ ಕೊಡಲು ಶುರುವಾದಾಗ ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ಅವರಿಗೆ ನೇರ ಉತ್ತರ ಕೊಟ್ಟಳು. ೨೦೨೨ರಲ್ಲಿ ತತ್ತಿ ಇಡೀ ರಾಜ್ಯಕ್ಕೆ ಬಂತು, ಬೆಳಗಾವಿ ಜಿಲ್ಲೆಗೂ ಬಂತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಯುರೋಪಿನ ಬಡವ ನಲವತ್ತು ದಿನ ಕಾದು ತಿಂದ ತತ್ತಿಗೆ ನಮ್ಮ ಮಕ್ಕಳು ತಲೆಮಾರುಗಟ್ಟಲೆ ಕಾದರು.

ಉಪವಾಸದಲ್ಲಿ ಉಳಿಸಿದ್ದು ಹಸಿದವನಿಗೆ ಸೇರಬೇಕು ಅನ್ನುವುದು ಧರ್ಮಸಭೆಯ ಹಳೆಯ ಪಾಠ. ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ದೇಣಿಗೆ ಕೂಡಿಸುತ್ತದೆ. ಪ್ರವಾದಿ ಯೆಶಾಯನ ಕಣ್ಣಿಗೆ ನಿಜವಾದ ಉಪವಾಸವೆಂದರೆ ದಬ್ಬಾಳಿಕೆಯ ನೊಗ ಮುರಿಯುವುದು. ಅದೊಂದೇ ಉಪವಾಸ ನಮಗೆ ಒಪ್ಪಿಗೆ. ಉಳಿದದ್ದನ್ನು, ಅಣ್ಣಗಳಿರಾ, ನಾವು ಹುಟ್ಟುವ ಮೊದಲೇ ಮಾಡಿ ಮುಗಿಸಿದ್ದೇವೆ.